ಡಬ್ಬಿಯಲ್ಲಿ ಉಳಿದ ಅನ್ನ

(ಕೆಲಸ ಕಳೆದುಕೊಂಡವರು ಮತ್ತು ಅವರ ಮನೆಯವರ ಮುಂದೆ ಕಾರವಾರದಲ್ಲಿ ಆಡಿದ ಮಾತುಗಳ ಬರಹ ರೂಪ)

ನನ್ನನ್ನು ಕರೆದವರು, "ಕೆಲಸ ಕಳೆದುಕೊಂಡವರಿಗೆ ಧೈರ್ಯ ತುಂಬುವಂಥ ನಾಲ್ಕು ಮಾತು ಆಡಿ" ಎಂದಿದ್ದರು. ಆಡುತ್ತೇನೆ. ಆದರೆ ಧೈರ್ಯದಿಂದ ಶುರು ಮಾಡಲಾರೆ. ಹನ್ನೊಂದು ದಿನ ನಾನು ನನ್ನ ಮನೆಯವರಿಗೆ ಹೇಳಿದ ಒಂದು ಸುಳ್ಳಿನಿಂದ ಶುರು ಮಾಡಬೇಕಾಗಿದೆ.

ಗೋವಾದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಪ್ಯಾಕಿಂಗ್ ವಿಭಾಗದಲ್ಲಿ ಗುಣಮಟ್ಟ ನೋಡುವ ಕೆಲಸ. ಕಾರವಾರದಿಂದ ದಿನವೂ ಗೋವಾಕ್ಕೆ ಹೋಗಿಬರುವುದು ಎಂದರೆ ಏನೆಂದು ಇಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕೂವರೆಗೆ ಏಳುವುದು, ಡಬ್ಬಿಗೆ ಅನ್ನ, ಸಾರು, ಒಂದು ತುಂಡು ಹುರಿದ ಬಂಗಡೆ. ಐದೂ ನಲವತ್ತಕ್ಕೆ ಕಂಪನಿಯ ಬಸ್ಸು. ಕಾಳಿ ಸೇತುವೆಯ ಮೇಲೆ ಕಿಟಕಿಯಿಂದ ತಣ್ಣನೆ ಗಾಳಿ, ಮಾಜಾಳಿ ಗಡಿ ದಾಟುವಷ್ಟರಲ್ಲಿ ನಿದ್ದೆ. ಹದಿನಾಲ್ಕು ವರ್ಷ ನನ್ನ ಮೈ ಇದೇ ಲೆಕ್ಕಕ್ಕೆ ಹೊಂದಿಕೊಂಡಿತ್ತು.

ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ಶುಕ್ರವಾರ, ಊಟದ ಗಂಟೆ ಹೊಡೆಯುವುದಕ್ಕೆ ಹದಿನೈದು ನಿಮಿಷ ಮೊದಲು ನನ್ನನ್ನು ಆಡಳಿತ ವಿಭಾಗಕ್ಕೆ ಕರೆದರು. ನಮ್ಮ ವಿಭಾಗವನ್ನು ಬೇರೆ ರಾಜ್ಯದ ಕಾರ್ಖಾನೆಗೆ ಸಾಗಿಸುತ್ತಾರೆ ಎಂದರು. ಮೇಜಿನ ಮೇಲೆ ಮೊದಲೇ ಅಚ್ಚು ಹಾಕಿಟ್ಟ ಹಾಳೆ ಇತ್ತು. ನಾನು ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಹದಿನಾಲ್ಕು ವರ್ಷ ಒಂದೊಂದು ಲೇಬಲ್ಲಿನ ಒಂದೊಂದು ಅಕ್ಷರವನ್ನು ಬೆರಳಿಟ್ಟು ಓದಿದವಳು ನಾನು. ಅವತ್ತು ಆ ಹಾಳೆಯನ್ನು ಓದದೆ ಸಹಿ ಮಾಡಿದೆ. ಈ ಸಹಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ನಿಮ್ಮ ದುಡ್ಡಿನ ಪ್ರಶ್ನೆಯೂ ಇದೆ.

ಮನೆಯಲ್ಲಿ ಹೇಳಲಿಲ್ಲ. ಸೋಮವಾರ ನಾಲ್ಕೂವರೆಗೆ ಎದ್ದೆ, ಡಬ್ಬಿ ಕಟ್ಟಿದೆ, ಐದೂವರೆಗೆ ಹೊರಬಿದ್ದೆ. ಬಸ್ಸು ಬಂತು, ಹೋಯಿತು. ನಾನು ಒಂದು ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಬೆಳಕು ಹರಿಯುವ ತನಕ ದೇವಸ್ಥಾನದ ಜಗುಲಿ, ಆಮೇಲೆ ಮೀನು ಮಾರುಕಟ್ಟೆಯ ಪಕ್ಕದ ತಗಡಿನ ಮಾಡಿನ ಕೆಳಗೆ. ಮಳೆ ಹಿಡಿದಿತ್ತು. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲವಾದ್ದರಿಂದ ಅಲ್ಲಿ ಹೊಳೆಮೀನು, ಒಣಮೀನು ಇಟ್ಟುಕೊಂಡ ಕೆಲವೇ ಹೆಂಗಸರು ಇದ್ದರು. ಅವರಲ್ಲಿ ಒಬ್ಬರ ಬಳಿ ನಾನು ವರ್ಷಗಳಿಂದ ಮೀನು ಕೊಳ್ಳುತ್ತಿದ್ದೆ. ಮೊದಲ ದಿನ, "ಬಾಯಿ, ಗಾಡಿ ತಪ್ಪಿತೇ?" ಎಂದು ಕೇಳಿದರು. ಹೌದು ಎಂದೆ. ಎರಡನೆಯ ದಿನವೂ ಕೇಳಿದರು. ಮೂರನೆಯ ದಿನ ಕೇಳಲಿಲ್ಲ, ತಮ್ಮ ಬುಟ್ಟಿಯ ಪಕ್ಕದಲ್ಲಿದ್ದ ಮರದ ಮಣೆಯನ್ನು ನನ್ನತ್ತ ಸರಿಸಿದರು. ಹನ್ನೊಂದನೆಯ ದಿನ, ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸುತ್ತಾ, "ನಾಳೆ ಮಳೆ ಇನ್ನೂ ಜೋರಂತೆ. ಬರಬೇಡಿ. ಮನೆಯಲ್ಲಿ ಹೇಳಿಬಿಡಿ" ಎಂದರು.

ಆ ರಾತ್ರಿ ಹೇಳಿದೆ. ನಮ್ಮ ಯಜಮಾನರು ಬೈತಖೋಲ ಬಂದರಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವವರು. ಕೈಯ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಾ ಕೂತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಊಟ ಮುಗಿದ ಮೇಲೆ ಒಂದು ನೋಟುಪುಸ್ತಕ ತಂದು ನನ್ನ ಮುಂದೆ ಕೂತು, "ತಿಂಗಳ ಖರ್ಚು ಒಂದೊಂದೇ ಹೇಳು, ಬರೆಯೋಣ" ಎಂದರು. ಪಿಯುಸಿ ಎರಡನೆಯ ವರ್ಷದಲ್ಲಿದ್ದ ಮಗಳು ಬಾಗಿಲಲ್ಲಿ ನಿಂತಿದ್ದಳು. "ಆಯಿ, ಏನೋ ಆಗಿದೆ ಎಂದು ನನಗೆ ಗೊತ್ತಿತ್ತು. ಡಬ್ಬಿ ತೊಳೆಯುವವಳು ನಾನಲ್ಲವೇ? ನಾಲ್ಕು ದಿನದಿಂದ ಅನ್ನ ಹಾಗೆಯೇ ಬರುತ್ತಿತ್ತು" ಎಂದಳು.

ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಹುಡುಗಿ ನಾಲ್ಕು ದಿನ ಒಬ್ಬಳೇ ಹೆದರಿಕೊಂಡು, ಉಳಿದ ಅನ್ನವನ್ನು ಅಜ್ಜಿಗೆ ಕಾಣದಂತೆ ಚೆಲ್ಲಿ, ಡಬ್ಬಿ ತೊಳೆದಿಟ್ಟಿದ್ದಳು. ನಾನು ಇವತ್ತು ಇಲ್ಲಿಗೆ ಬಂದಿರುವುದು ಮುಖ್ಯವಾಗಿ ಇದನ್ನು ಹೇಳಲಿಕ್ಕೆ. ಕೆಲಸ ಹೋದ ನೋವು ದೊಡ್ಡದೇ. ಅದನ್ನು ಮುಚ್ಚಿಡಲು ನಾವು ಪಡುವ ಪಾಡು ಅದಕ್ಕಿಂತ ದೊಡ್ಡದು, ಆ ಪಾಡನ್ನು ನಮ್ಮವರೂ ಪಡುತ್ತಾರೆ.

ಇಲ್ಲಿ ಹೆಂಗಸರು ಬಹಳ ಮಂದಿ ಇದ್ದೀರಿ, ಅದಕ್ಕೆ ಇನ್ನೊಂದು ಮಾತು. ನಮ್ಮ ಅತ್ತೆ ಒಳ್ಳೆಯ ಮನಸ್ಸಿನವರು. ಮರುದಿನ ಬೆಳಿಗ್ಗೆ ನನ್ನ ತಲೆ ಸವರಿ, "ಹೋದರೆ ಹೋಯಿತು ಬಿಡು, ಇನ್ನಾದರೂ ಆರಾಮವಾಗಿ ಮನೆಯಲ್ಲಿರು" ಎಂದರು. ಆಮೇಲೆ ನೆಂಟರು, ಓಣಿಯವರು ಎಲ್ಲರೂ ಅದನ್ನೇ ಹೇಳಿದರು. ಗಂಡಸಿನ ಕೆಲಸ ಹೋದರೆ ಮನೆಗೆ ಬಂದು ಹತ್ತು ನಿಮಿಷ ಮೌನವಾಗಿ ಕೂರುತ್ತಾರೆ. ಹೆಂಗಸಿನ ಕೆಲಸ ಹೋದರೆ ಅದು ವಿಶ್ರಾಂತಿ ಎನ್ನುತ್ತಾರೆ. ನಷ್ಟವನ್ನು ನಷ್ಟ ಎಂದು ಯಾರೂ ಒಪ್ಪದಿದ್ದಾಗ ಅಳುವುದಕ್ಕೂ ಹಕ್ಕಿಲ್ಲ ಎನಿಸಿಬಿಡುತ್ತದೆ. ನಿಮ್ಮ ಮನೆಯ ಹೆಣ್ಣುಮಗಳ ಕೆಲಸ ಹೋಗಿದ್ದರೆ ದಯವಿಟ್ಟು "ಆರಾಮವಾಗಿರು" ಎನ್ನಬೇಡಿ. "ಹೀಗಾಗಬಾರದಿತ್ತು" ಎನ್ನಿ, ಅಷ್ಟು ಸಾಕು.

ಕೆಲಸ ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಕೆಲಸ ಶುರು ಮಾಡಿತು. ನಡುವೆ ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಸಾವಿರಾರು ಕುಟುಂಬಗಳು ಮನೆ ಬಿಟ್ಟವು, ಎಷ್ಟೋ ಮೀನುಗಾರರ ಕೈಯಿಂದ ಕಡಲೇ ಹೋಯಿತು. 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ನಿಲ್ಲಿಸಿದಾಗ ಬೇಲೆಕೇರಿ ಬಂದರು ಸ್ತಬ್ಧವಾಯಿತು. ಆ ವ್ಯವಹಾರದಲ್ಲಿ ಅಕ್ರಮವಿತ್ತು, ನಿಲ್ಲಬೇಕಾಗಿತ್ತು. ಆದರೆ ಲಾರಿಯ ಸ್ಟೇರಿಂಗ್ ಹಿಡಿದವನು, ಪಂಕ್ಚರ್ ಹಾಕುತ್ತಿದ್ದವನು, ಅಂಕೋಲೆ-ಹುಬ್ಬಳ್ಳಿ ರಸ್ತೆಯ ಪಕ್ಕ ಚಹಾ ಮಾರುತ್ತಿದ್ದವಳು ಮಾಡಿದ ತಪ್ಪೇನಿತ್ತು? ಇದನ್ನು ಏಕೆ ನೆನಪಿಸುತ್ತೇನೆಂದರೆ, ಕೆಲಸ ಹೋದವರು ರಾತ್ರಿ ಮಲಗಿ ಕೇಳಿಕೊಳ್ಳುವ ಮೊದಲ ಪ್ರಶ್ನೆ "ನಾನೇನು ತಪ್ಪು ಮಾಡಿದೆ?" ಎಂಬುದು. ನಾನೂ ತಿಂಗಳುಗಟ್ಟಲೆ ಕೇಳಿಕೊಂಡೆ. ನಮ್ಮ ವಿಭಾಗವನ್ನೇ ಎತ್ತಿ ಬೇರೆ ಕಡೆ ಇಟ್ಟರು. ಅದರಲ್ಲಿ ನನ್ನ ತಪ್ಪು ಇರಲಿಲ್ಲ. ಇದನ್ನು ನಂಬಲು ನನಗೆ ಬಹಳ ಕಾಲ ಹಿಡಿಯಿತು.

ಇನ್ನು ದಿನಗಳ ಮಾತು. ಸುಮಾರು ತೊಂಬತ್ತು ವರ್ಷದ ಹಿಂದೆ ಆಸ್ಟ್ರಿಯಾ ದೇಶದಲ್ಲಿ, ವಿಯೆನ್ನಾ ನಗರದ ಹತ್ತಿರ ಮರೀನ್‌ಥಾಲ್ ಎಂಬ ಊರಿತ್ತು. ಊರಿಗೆ ಊರೇ ಒಂದು ನೂಲಿನ ಗಿರಣಿಯನ್ನು ನಂಬಿಕೊಂಡಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮರೀ ಯಹೋಡಾ ಎಂಬ ತರುಣಿ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಜನ ಹೇಗೆ ಬದುಕುತ್ತಿದ್ದಾರೆ ಎಂದು ಹತ್ತಿರದಿಂದ ನೋಡಿದರು. ಅವರು ಕಂಡದ್ದರಲ್ಲಿ ಎರಡು ಸಂಗತಿಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು, ಊರಿನ ಗ್ರಂಥಾಲಯದ್ದು. ಎಲ್ಲರಿಗೂ ದಿನವಿಡೀ ಪುರುಸೊತ್ತು, ಪುಸ್ತಕಕ್ಕೆ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಪುಸ್ತಕ ಒಯ್ಯುವವರು ಮೊದಲಿಗಿಂತ ಬಹಳ ಕಡಿಮೆಯಾದರು. ಇನ್ನೊಂದು, ಊರಿನ ಬೀದಿಯದ್ದು. ಕಿಟಕಿಯ ಮರೆಯಿಂದ ಲೆಕ್ಕ ಹಾಕಿದಾಗ, ಗಂಡಸರು ನಿಧಾನಕ್ಕೆ ಕಾಲೆಳೆಯುತ್ತಾ, ಮತ್ತೆ ಮತ್ತೆ ನಿಲ್ಲುತ್ತಾ ಹೋಗುತ್ತಿದ್ದರು. ಹೆಂಗಸರು ಬಿರಬಿರನೆ ನಡೆಯುತ್ತಿದ್ದರು, ಏಕೆಂದರೆ ಅವರಿಗೆ ಒಲೆ, ಮಕ್ಕಳು, ಬಟ್ಟೆ ಕಾಯುತ್ತಿದ್ದವು.

ಪುರುಸೊತ್ತು ಸಿಕ್ಕರೆ ಓದುತ್ತೇನೆ, ಹೊಲಿಗೆ ಕಲಿಯುತ್ತೇನೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಪುರುಸೊತ್ತು ಹಾಗೆ ಬರುವುದಿಲ್ಲ. ಯಹೋಡಾ ಮುಂದೆ ಬರೆದದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕೆಲಸ ಸಂಬಳವನ್ನು ಮಾತ್ರ ಕೊಡುವುದಿಲ್ಲ. ದಿನಕ್ಕೊಂದು ಆಕಾರ, ಮನೆಯಾಚೆಯ ಜನರ ಒಡನಾಟ, ಎಲ್ಲರೂ ಸೇರಿ ಏನನ್ನೋ ಮಾಡುತ್ತಿದ್ದೇವೆ ಎಂಬ ಭಾವನೆ, "ನೀವು ಏನು ಮಾಡಿಕೊಂಡಿದ್ದೀರಿ" ಎಂದರೆ ಹೇಳಲು ಒಂದು ಉತ್ತರ, ಕೈಕಾಲಿಗೆ ಚಟುವಟಿಕೆ, ಇವೆಲ್ಲವನ್ನೂ ಅದೇ ಕೊಡುತ್ತಿರುತ್ತದೆ. ಹೋದಾಗ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಸಂಬಳ ಬರುವುದು ನಮ್ಮ ಕೈಯಲ್ಲಿಲ್ಲ. ಉಳಿದವುಗಳಲ್ಲಿ ಕೆಲವನ್ನಾದರೂ ನಾವೇ ಕಟ್ಟಿಕೊಳ್ಳಬಹುದು.

ನಾನು ಕಟ್ಟಿಕೊಂಡದ್ದು ಬಹಳ ಸಣ್ಣದು. ಬೆಳಿಗ್ಗೆ ಆರಕ್ಕೆ ಏಳುವುದು, ಕೊಡೆ ಹಿಡಿದಾದರೂ ಕಡಲ ದಂಡೆಯಲ್ಲಿ ಅರ್ಧ ಗಂಟೆ ನಡೆಯುವುದು. ಹತ್ತರಿಂದ ಹನ್ನೆರಡು ಕೆಲಸ ಹುಡುಕುವುದಕ್ಕೆ, ಅದಕ್ಕಿಂತ ಹೆಚ್ಚು ಬೇಡ. ದಿನವಿಡೀ ಮೊಬೈಲಿನಲ್ಲಿ ಉದ್ಯೋಗದ ಜಾಹೀರಾತು ತಿಕ್ಕುತ್ತಾ ಕೂತರೆ ಸಂಜೆಗೆ ಬದುಕೇ ಬೇಡವೆನಿಸುತ್ತಿತ್ತು. ಮಧ್ಯಾಹ್ನದ ಮೇಲೆ ಯಜಮಾನರ ಬಿಲ್ಲು ಪುಸ್ತಕ. ಅವರದು ಒಂದು ಎಣ್ಣೆ ಹಿಡಿದ ನೋಟುಪುಸ್ತಕ, ಅದರಲ್ಲಿ ಅರ್ಧಕ್ಕರ್ಧ ಬಾಕಿ. ಯಾವ ದೋಣಿ, ಯಾವ ತಾರೀಕು, ಯಾವ ಬಿಡಿಭಾಗ, ಯಾವುದಕ್ಕೂ ಲೆಕ್ಕವಿಲ್ಲ. ನಾನು ಕಾರ್ಖಾನೆಯಲ್ಲಿ ಬ್ಯಾಚಿನ ದಾಖಲೆ ಬರೆಯುತ್ತಿದ್ದ ಹಾಗೆ ಒಂದೊಂದು ದೋಣಿಗೆ ಒಂದೊಂದು ಪುಟ ಮಾಡಿದೆ. ಎರಡು ವಾರದಲ್ಲಿ ಎರಡು ವರ್ಷದ ಹಳೆಯ ಬಾಕಿ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಪಾಲು ವಸೂಲಿಯೂ ಆಯಿತು. ಆ ದುಡ್ಡಿಗಿಂತ, "ಈ ಪುಟ ನೋಡಿದ ಮೇಲೆ ಅವರು ಮರುಮಾತಾಡಲಿಲ್ಲ" ಎಂದು ಯಜಮಾನರು ಹೇಳಿದ್ದು ನನಗೆ ಹೆಚ್ಚು ಬಲ ಕೊಟ್ಟಿತು.

ಬಾಕಿ ಕೇಳಲಿಕ್ಕೆ ನಾನೂ ಬೈತಖೋಲಕ್ಕೆ ಹೋಗುತ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ದೋಣಿಗಳು ದಡದಲ್ಲಿ ಸಾಲಾಗಿ ನಿಂತಿರುತ್ತವೆ, ಅವುಗಳ ಪಕ್ಕದಲ್ಲಿ ಮೀನುಗಾರರು ತಾಡಪತ್ರೆಯ ಕೆಳಗೆ ಕೂತು ಬಲೆ ಸರಿಮಾಡುತ್ತಿರುತ್ತಾರೆ. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ, ಆದರೆ ನಿಂತು ನೋಡಿದ್ದು ಆ ವರ್ಷ. ಹರಿದ ಜಾಗವನ್ನು ಅವರು ಕೂಡಲೇ ಹೆಣೆಯುವುದಿಲ್ಲ. ಮೊದಲು ಸುತ್ತಲಿನ ಜೀರ್ಣವಾದ ಕಣ್ಣುಗಳನ್ನು ಚಾಕುವಿನಿಂದ ಒಂದೊಂದಾಗಿ ಕತ್ತರಿಸುತ್ತಾರೆ. ತೂತು ಇನ್ನೂ ದೊಡ್ಡದಾಗುತ್ತದೆ. ಗಟ್ಟಿ ದಾರ ಸಿಕ್ಕಿದ ಮೇಲೆಯೇ ಸೂಜಿ ಹಾಕುವುದು. ಇಲ್ಲದಿದ್ದರೆ ಮೊದಲ ಬಾರಿಗೆ ಬಲೆ ಎಳೆದಾಗಲೇ ಅಲ್ಲೇ ಮತ್ತೆ ಹರಿಯುತ್ತದೆ.

ಮೀನುಗಾರರ ಬಿಡುವಿಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಮಾಚಿ ಮಾತಾಡುವುದು ಸರಿಯಲ್ಲ. ಅವರಿಗೆ ಆಗಸ್ಟ್ ಬರುತ್ತದೆ ಎಂದು ಗೊತ್ತು. ನಮಗೆ ನಮ್ಮ ಆಗಸ್ಟ್ ಯಾವಾಗ ಎಂದು ಯಾರೂ ಹೇಳುವುದಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ನಿಜವಾಗಿ ಕೊಲ್ಲುವುದು ಇದೇ. ಅದಕ್ಕೆ ನಾವು ಮನೆಯಲ್ಲಿ ಒಂದು ತಾರೀಕನ್ನು ನಾವೇ ಹಾಕಿಕೊಂಡೆವು. ಖರ್ಚಿನ ಲೆಕ್ಕ ಬರೆದ ರಾತ್ರಿಯೇ ನೋಡಿದ್ದೆವು, ಇದ್ದದ್ದರಲ್ಲಿ ಆರು ತಿಂಗಳು ಸಾಗುತ್ತದೆ. ದುಬಾರಿ ಇಸ್ವಾಣದ ಬದಲು ಅಗ್ಗದ ತಾರಲೆ ಮೀನು ತಿಂದರೆ ಏಳು. ದೀಪಾವಳಿಯ ತನಕ ನನಗೆ ಒಗ್ಗುವ ಕೆಲಸವನ್ನೇ ಹುಡುಕುವುದು, ಆಮೇಲೆ ಸಿಕ್ಕಿದ್ದನ್ನು ಹಿಡಿಯುವುದು ಎಂದು ಗೊತ್ತುಮಾಡಿದೆವು. ಕ್ಯಾಲೆಂಡರಿನಲ್ಲಿ ಗುರುತು ಬಿದ್ದ ಮೇಲೆ ನನಗೆ ರಾತ್ರಿ ನಿದ್ದೆ ಬರತೊಡಗಿತು.

"ಸಕಾರಾತ್ಮಕವಾಗಿರಿ" ಎಂಬ ಮಾತನ್ನು ನೀವೂ ಕೇಳಿ ಕೇಳಿ ದಣಿದಿರಬಹುದು. ನನಗಂತೂ ಯಾರಾದರೂ ಹಾಗೆಂದರೆ ಎದೆಯ ಮೇಲೆ ಕಲ್ಲಿಟ್ಟಂತಾಗುತ್ತಿತ್ತು. ನಗುಮುಖ ಹೊತ್ತು ತಿರುಗುವುದು ಮತ್ತೊಂದು ಬಗೆಯ ಮುಚ್ಚಿಡುವಿಕೆ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ಮಾಡಿದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ, ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿರುವುದನ್ನೆಲ್ಲ ಬರೆಯಲು ಹೇಳಿದರು. ಕೋಪ, ಅವಮಾನ, ಭಯ, ಯಾವುದನ್ನೂ ತಡೆಯದೆ. ಮುಂದಿನ ತಿಂಗಳುಗಳಲ್ಲಿ ಬೇರೆಯವರಿಗಿಂತ ಆ ಗುಂಪಿನವರಿಗೆ ಬೇಗ ಕೆಲಸ ಸಿಕ್ಕಿತು. ಅವರು ಹೆಚ್ಚು ಅರ್ಜಿ ಹಾಕಿದ್ದಕ್ಕೆ ಹೀಗಾದದ್ದಲ್ಲ. ಒಳಗಿನ ಕೋಪ ಕಾಗದಕ್ಕೆ ಇಳಿದವರು ಸಂದರ್ಶನದಲ್ಲಿ ಹಳೆಯ ಕಂಪನಿಯನ್ನು ಬೈಯುತ್ತಾ ಕೂರುವುದಿಲ್ಲ ಎಂಬುದು ನನ್ನ ಊಹೆ. ನಾನು ಬರೆದ ಹಾಳೆಗಳಲ್ಲಿ ಮೊದಲ ಮೂರನ್ನು ಯಾರೂ ಓದಬಾರದು, ಅಷ್ಟು ಕಹಿಯಿದೆ. ನಾಲ್ಕನೆಯದರಲ್ಲಿ, ಕಾರ್ಖಾನೆಯಲ್ಲಿ ದಿನಕ್ಕೆ ನಾನು ಮಾಡುತ್ತಿದ್ದ ಕೆಲಸಗಳ ಪಟ್ಟಿ ತಾನಾಗಿ ಬಂದಿದೆ. ಅದೇ ಮುಂದೆ ನನ್ನ ಅರ್ಜಿಯಾಯಿತು.

ಬರೆದರೂ ಹಗುರಾಗದೆ, ನಿದ್ದೆ ಊಟ ಬಿಟ್ಟುಹೋಗಿ, ಬದುಕಿರುವುದೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ. 14416 ಎಂಬ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಬರೆದುಕೊಳ್ಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಎನ್ನದೆ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ನಾನು ಒಂದು ಸಲ ಕರೆ ಮಾಡಿದ್ದೇನೆ. ಆ ಕಡೆಯವರು ನಲವತ್ತು ನಿಮಿಷ ಕೇಳಿದರು.

ಈಗ ಆ ಸಹಿಯ ವಿಷಯ. ಇದನ್ನು ಬರೆದುಕೊಳ್ಳಿ. ಒಂದು ವರ್ಷ ನಿರಂತರ ದುಡಿದ ಕಾರ್ಮಿಕರನ್ನು ಮಾಲೀಕರು ತಾವಾಗಿ ತೆಗೆದುಹಾಕುವುದಾದರೆ ಕನಿಷ್ಠ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಬದಲು ಸಂಬಳ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಹಿಂದಿನ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೀಗೇ ಇತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಆದರೆ "ಸ್ವಇಚ್ಛೆಯಿಂದ" ಎಂದು ನೀವೇ ಸಹಿ ಹಾಕಿದರೆ ಅದು ರಾಜೀನಾಮೆ, ಪರಿಹಾರದ ಮಾತೇ ಬರುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಹಾಳೆ ಇಟ್ಟರೆ, "ಮನೆಗೆ ಒಯ್ದು ಓದಿ ನಾಳೆ ಹೇಳುತ್ತೇನೆ" ಎನ್ನಿ. ಅಷ್ಟು ಹೇಳುವ ಹಕ್ಕು ನಿಮಗಿದೆ. ಗೋವಾದಲ್ಲಿ ದುಡಿಯುವವರು ದೂರು ಕೊಡುವುದಾದರೆ ಅಲ್ಲಿಯ ಕಾರ್ಮಿಕ ಇಲಾಖೆಗೇ ಹೋಗಬೇಕು, ಕಾರವಾರದ ಕಚೇರಿಗಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡಬೇಕಾದ ಇಡುಗಂಟು, ಬೇರೆ. ಅದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ಕಾಯಂ ನೌಕರರಿಗೆ ಐದು ವರ್ಷದ ಸೇವೆ ಬೇಕು. ಹೊಸ ಸಂಹಿತೆಗಳಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷವಾದರೂ ಸಾಕು. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, ಹದಿನೈದರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ, ಇಪ್ಪತ್ತಾರರಿಂದ ಭಾಗಿಸಿ. ತಿಂಗಳಿಗೆ 20,000 ರೂಪಾಯಿ ಇದ್ದು ಹದಿನಾಲ್ಕು ವರ್ಷ ದುಡಿದಿದ್ದರೆ ಸುಮಾರು 1,61,500 ರೂಪಾಯಿ ಬರಬೇಕು. ಮೂವತ್ತು ದಿನದೊಳಗೆ ಕೊಡಬೇಕು. ನನಗೆ ತಾನಾಗಿ ಬರಲಿಲ್ಲ, ಅರ್ಜಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ಮೇಲೆ ಬಂತು. ಭವಿಷ್ಯ ನಿಧಿಯಲ್ಲಿ ಒಂದೇ ಎಚ್ಚರಿಕೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನನ್ನ ಜೊತೆಗೆ ಕೆಲಸ ಹೋದ ಒಬ್ಬಳಿಗೆ ಒಂಬತ್ತು ವರ್ಷವಾಗಿತ್ತು, ಪಿಂಚಣಿಯ ಹಣವನ್ನೂ ತೆಗೆಯಲು ಹೊರಟಿದ್ದಳು. ತಡೆದೆವು. ಮುಂದಿನ ಕೆಲಸದಲ್ಲಿ ಅದೇ ಖಾತೆಯ ಸಂಖ್ಯೆ ಕೊಟ್ಟಳು, ಈಗ ಹತ್ತು ದಾಟಿದೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ, ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದೆಯೇ ಎಂದು ಅದಕ್ಕೂ ಮೊದಲೇ ಕೇಳಿ. ಸಾಲದ ಕಂತು ಇರುವವರು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ತಪ್ಪಿದ ಮೇಲೆ ಹೋದರೆ ಅವರ ಮುಖವೇ ಬೇರೆಯಾಗಿರುತ್ತದೆ.

ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವವರ ವಿಷಯ ನಿಮಗೆ ಗೊತ್ತಿದೆ. ನನಗೂ ಸಂದೇಶ ಬಂದಿತ್ತು, ನೋಂದಣಿಗೆ 4,500 ರೂಪಾಯಿ ಎಂದು. ದುಡ್ಡು ಕಳಿಸಲು ಮೊಬೈಲ್ ತೆಗೆದಿದ್ದೆ, ಮಗಳು ಕೈ ಹಿಡಿದಳು. ಕಷ್ಟದಲ್ಲಿರುವವರ ಬುದ್ಧಿ ಮಂಕಾಗಿರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಕೊಲ್ಲಿ ದೇಶಕ್ಕೆ ಹೋಗುವವರು ಏಜೆಂಟರಿಗೆ ಕೇಂದ್ರ ಸರಕಾರದ ಪರವಾನಗಿ ಇದೆಯೇ ಎಂದು ನೋಡದೆ ಪಾಸ್‌ಪೋರ್ಟ್ ಕೊಡಬೇಡಿ. ಮೊಬೈಲಿನಲ್ಲಿ ದುಡ್ಡು ಕಳಿಸಿ ಮೋಸ ಹೋದರೆ ಕೂಡಲೇ ಸರಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೆಲಸ ಸಿಕ್ಕಿದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ಶ್ರಾವಣದಲ್ಲಿ ಸಿರಸಿಯಲ್ಲಿ ಒಂದು ಮದುವೆ. ನಾನು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ಅಲ್ಲಿ ಎಲ್ಲರೂ "ಈಗ ಎಲ್ಲಿದ್ದೀಯೇ?" ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆರಾಮವಾಗಿರು ಎಂದಿದ್ದ ಅದೇ ಅತ್ತೆ, "ನೀನು ಬಾರದಿದ್ದರೆ ನಾನೂ ಹೋಗುವುದಿಲ್ಲ" ಎಂದು ಕೂತರು. ಹೋದೆವು. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಬಂದು ಕೂತವರು ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವರು. ಹದಿನೈದು ವರ್ಷದಲ್ಲಿ ಎರಡು ಸಲ ಕಂಡಿರಬಹುದು. ಕೇಳಿಯೇ ಕೇಳಿದರು, ಈಗ ಎಲ್ಲಿ ಎಂದು. "ಕೆಲಸ ಹೋಯಿತು ಅಕ್ಕಾ. ಹುಡುಕುತ್ತಿದ್ದೇನೆ" ಎಂದೆ. ಮನೆಯವರ ಹೊರತು ಬೇರೆಯವರ ಎದುರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಅಯ್ಯೋ ಎನ್ನಲಿಲ್ಲ. "ಏನು ಮಾಡುತ್ತಿದ್ದೆ ಅಲ್ಲಿ?" ಎಂದು ಕೇಳಿದರು. ಲೇಬಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ದಾಖಲೆ ಎಂದೆಲ್ಲ ಹೇಳಿದೆ. ಬಡಿಸುವವರು ಪಾಯಸ ತಂದಿದ್ದರು. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿ, "ನಮ್ಮ ಭಾವನ ಘಟಕಕ್ಕೆ ಮೊನ್ನೆ ತಪಾಸಣೆಯವರು ಬಂದಿದ್ದರು. ಜ್ಯೂಸ್ ಚೆನ್ನಾಗಿದೆ, ದಾಖಲೆ ಸರಿಯಿಲ್ಲ ಎಂದು ನೋಟಿಸ್ ಕೊಟ್ಟು ಹೋದರಂತೆ. ಅವನಿಗೆ ಇದನ್ನೆಲ್ಲ ಬರೆಯುವವರೇ ಸಿಗುತ್ತಿಲ್ಲ" ಎಂದರು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರದೇ ಲೆಕ್ಕವಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಅವರು ಕೇಳಿದರು. ಪದೇ ಪದೇ ಕಾಣುತ್ತಿದ್ದೆವು ಎಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ದಾರಿ ತೋರಿಸಿದವರೆಲ್ಲ ಒಮ್ಮೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರ ಹತ್ತಿರ ಇರುತ್ತದೆ. ನಾಚಿಕೆಯಿಂದ ನಾವು ಮೊದಲು ತಪ್ಪಿಸಿಕೊಳ್ಳುವುದು ಇಂಥವರ ಕಣ್ಣನ್ನೇ. ಮದುವೆ, ತೇರು, ಯಕ್ಷಗಾನದ ಆಟ, ಶಾಲೆಯ ಪಾಲಕರ ಸಭೆ, ಇವನ್ನು ಬಿಡಬೇಡಿ. ಹೋಗಿ, ಕೇಳಿದವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ.

ಆ ಘಟಕ ಅಂಕೋಲೆಯ ಹತ್ತಿರ. ಮುರುಗಲಿನ ಶರಬತ್ತು, ಬೇಸಿಗೆಯಲ್ಲಿ ಕರಿ ಇಶಾಡು ಮಾವಿನ ರಸ. ಈ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಿಮಗೆ ಗೊತ್ತಿರಬಹುದು. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಹಣ್ಣು ಹೆಚ್ಚು ದಿನ ತಾಳುವುದಿಲ್ಲ, ಆದ್ದರಿಂದ ರಸ ತೆಗೆದು ಇಡುವುದೇ ದಾರಿ. ಮೊದಲ ದಿನ ಹೋದಾಗ ಬಾಟಲಿಗಳ ಮೇಲೆ ತಯಾರಾದ ದಿನಾಂಕವನ್ನು ಪೆನ್ನಿನಿಂದ ಬರೆದಿದ್ದರು, ನೀರು ತಾಗಿದರೆ ಅಳಿಸಿಹೋಗುತ್ತಿತ್ತು. ಬ್ಯಾಚ್ ಸಂಖ್ಯೆಯೇ ಇರಲಿಲ್ಲ. ಒಂದು ಬಾಟಲಿ ಹುಳಿಯಾದರೆ ಅದರ ಜೊತೆಗೆ ತಯಾರಾದ ಉಳಿದ ಬಾಟಲಿಗಳು ಯಾವ ಅಂಗಡಿಗೆ ಹೋಗಿವೆ ಎಂದು ಹೇಳುವವರಿಲ್ಲ. ಮಾತ್ರೆಯ ಪಟ್ಟಿಗೆ ನಾನು ಮಾಡುತ್ತಿದ್ದದ್ದು ಅದನ್ನೇ ಅಲ್ಲವೇ? ನಾನು ಔಷಧ ಕಂಪನಿಯವಳು, ಬೇರೆ ಕೆಲಸ ಗೊತ್ತಿಲ್ಲ ಎಂದು ನಾಲ್ಕು ತಿಂಗಳು ನಂಬಿದ್ದೆ. ಬೈತಖೋಲದಲ್ಲಿ ನೋಡಿದ ಚಾಕು ಆಗ ನೆನಪಾಯಿತು. ಕತ್ತರಿಸಬೇಕಾಗಿದ್ದದ್ದು ಆ ನಂಬಿಕೆಯನ್ನು. ಕೈಯಲ್ಲಿದ್ದ ಗಟ್ಟಿ ದಾರ ಬೇರೆಯೇ ಇತ್ತು.

ನವರಾತ್ರಿಯ ಹೊತ್ತಿಗೆ ಸೇರಿದೆ. ಸಂಬಳ ಮೊದಲಿನ ಮುಕ್ಕಾಲು ಪಾಲೂ ಇಲ್ಲ. ಇದನ್ನು ಮುಚ್ಚಿಟ್ಟು, ಎಲ್ಲವೂ ಮೊದಲಿಗಿಂತ ಚೆನ್ನಾಗಿದೆ ಎಂದರೆ ನಾನು ಮತ್ತೆ ಅದೇ ತಗಡಿನ ಮಾಡಿನ ಕೆಳಗೆ ಕೂತಂತೆ. ಮಗಳನ್ನು ಬೆಂಗಳೂರಿನಲ್ಲಿ ಓದಿಸಬೇಕೆಂದಿದ್ದೆ, ಆಗಲಿಲ್ಲ, ಕಾರವಾರದಲ್ಲೇ ಓದುತ್ತಿದ್ದಾಳೆ. ಅದರ ಕೊರಗು ನನಗಿದೆ. ಆದರೆ ಈಗ ನಾನು ಆರೂವರೆಗೆ ಏಳುತ್ತೇನೆ, ಬೆಳಿಗ್ಗೆ ನಾವು ಮೂವರೂ ಅತ್ತೆಯೂ ಒಟ್ಟಿಗೆ ಕೂತು ಚಹಾ ಕುಡಿಯುತ್ತೇವೆ. ಕಳೆದ ತಪಾಸಣೆಯಲ್ಲಿ ನಮ್ಮ ದಾಖಲೆಯಲ್ಲಿ ಒಂದು ತಪ್ಪನ್ನೂ ಅವರು ಕಾಣಲಿಲ್ಲ.

ಕೆಲಸ ಹೋದವರ ಜೊತೆಗೆ ಬಂದಿರುವ ಮನೆಯವರಿಗೆ ಒಂದು ಮಾತು. ದಿನಾ ಸಂಜೆ "ಏನಾಯಿತು, ಎಲ್ಲಿಂದಾದರೂ ಕರೆ ಬಂತೇ?" ಎಂದು ಕೇಳಬೇಡಿ. ಬಂದಿದ್ದರೆ ಅವರು ಬಾಗಿಲಿಗೆ ಓಡಿಬಂದು ಹೇಳುತ್ತಿದ್ದರು. ಬದಲಿಗೆ ಮನೆಯ ಒಂದು ಲೆಕ್ಕವನ್ನೋ ಕೆಲಸವನ್ನೋ ಅವರ ಕೈಗೆ ಕೊಡಿ. ಅವರು ತಿಂದರೋ ಇಲ್ಲವೋ ನೋಡಿ. ಡಬ್ಬಿ ಭಾರವಾಗಿ ವಾಪಸು ಬಂದರೆ ಕೇಳಿ, ನನ್ನ ಮಗಳ ಹಾಗೆ ಒಬ್ಬರೇ ತೊಳೆದು ಇಡಬೇಡಿ.

ಗ್ರಾಚ್ಯುಟಿಗೆ ನಾನು ಬರೆದ ಅರ್ಜಿಯ ಇಪ್ಪತ್ತು ಪ್ರತಿ ಮಾಡಿಸಿಕೊಂಡು ಬಂದಿದ್ದೇನೆ. ಹೆಸರು, ಸೇವೆಯ ವರ್ಷ, ಸಂಬಳದ ಜಾಗ ಖಾಲಿ ಬಿಟ್ಟಿದ್ದೇನೆ. ಮೇಜಿನ ಮೇಲಿವೆ, ಬೇಕಾದವರು ತೆಗೆದುಕೊಳ್ಳಿ. ಲೆಕ್ಕ ಹಾಕಲು ಬಾರದವರು ಇಲ್ಲೇ ಕೂತಿರಿ, ಕೂಡಿ ಹಾಕೋಣ. ನನ್ನ ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ.